ಅರದಾಳದ ಹಳದಿ

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಭಾರತೀನಗರದ ಶಶಿಧರ್ ಮನೆಯಲ್ಲಿ ತೊಟ್ಟಿಲು ಇರಲಿಲ್ಲ.

ಅದು ಇರಬೇಕಾಗಿದ್ದ ಜಾಗ ಹಜಾರದ ಗೋಡೆ ಪಕ್ಕದ ಗಾಜಿನ ಪೆಟ್ಟಿಗೆ. ಗಾಜು ಕೂರಿಸಿ, ಒಳಗೆ ದೀಪ ಹಾಕಿ, ಕೆಳಗೆ ಕೆಂಪು ಬಟ್ಟೆ ಹಾಸಿ ಆಗಿತ್ತು. ಬಟ್ಟೆಯ ಮೇಲೆ ಬೆಕ್ಕು ಮಲಗಿತ್ತು. ಶಕೀಲಾ ತೊಟ್ಟಿಲಿನ ಹಿತ್ತಾಳೆ ಸರಪಳಿಗಳ ಚೀಲ ಹಿಡಿದು ಅದರ ಮುಂದೆ ನಿಂತಿದ್ದಳು. ಉಜ್ಜಿ ಬೆಳಗಿದ ಆ ಸರಪಳಿಗಳನ್ನು ಕೊಕ್ಕೆಗೆ ಸಿಕ್ಕಿಸಿಬಿಟ್ಟರೆ ಅವಳ ಕೆಲಸ ಮುಗಿಯುತ್ತಿತ್ತು.

"ಅವ್ವಾ, ತೊಟ್ಲೆಲ್ಲಿ?"

ಶಶಿಧರ್‌ನ ತಾಯಿ ದೇವಿರಮ್ಮ ಹೊಸ್ತಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೊತ್ತತ್ತಿಗೆ ಓಯ್ತು ಕಣಮ್ಮ. ಶುಕ್ರವಾರವೇ ಕಳಿಸ್ದೆ, ನನ್ ತಂಗಿ ಸೋಮಮ್ಮನ ಮನೆಗೆ. ಅವಳ ಮಗಳು ಗಗನ ಬಾಣಂತನಕ್ಕೆ ಬಂದೋಳು ಇನ್ನೂ ಅಲ್ಲೇ ಅವ್ಳಲ್ಲ."

"ಮಗು ಮಲಗಿಸ್ತಾವ್ರಾ ಅದ್ರಲ್ಲಿ?"

"ಇನ್ನೇನ್ ಕುಂಬಳಕಾಯಿ ಇಕ್ಕವ್ರಾ?"

ಶಕೀಲಾ ನಗಲಿಲ್ಲ. "ಚೀಟಿ ಅಂಟಿಸಿದ್ನಲ್ಲ ಅವ್ವಾ, ತಲೆಕಡೆ ಹಲಗೆ ಮೇಲೆ. ಇದ್ರಲ್ಲಿ ಮಗು ಮಲಗಿಸಬಾರದು ಅಂತ."

"ಕಿತ್ತಾಕ್ದೆ." ದೇವಿರಮ್ಮ ಈಗ ತಲೆ ಎತ್ತಿದಳು. "ನನಗೇನ್ ಓದಕ್ ಬರಾಕಿಲ್ವಾ? ತೊಟ್ಲ ಮ್ಯಾಲೆ ಅಂತಾ ಮಾತು ಬರೀತಾರೇನಮ್ಮಿ? ಬಾಯಲ್ಲಿ ಆಡಬಾರದ್ ಮಾತು. ಒಸ ಬಣ್ಣ ಕಂಡ ತೊಟ್ಲು ಮಗು ಕಾಣ್ದೆ ಬರೀದಾಗಿ ಮನೇಲಿ ನಿಲ್ಲಬಾರದು. ನಮ್ಮತ್ತೆ ಕಾಲದಿಂದ್ಲೂ ಅಂಗೇ. ಒಂದ್ ಮಗು ಮಲಗೆದ್ದು ಬರ್ಲಿ, ಆಮ್ಯಾಕೆ ಗಾಜ್ನಾಗಾದ್ರೂ ಇಕ್ಕೊಳ್ಲಿ ಅಂತ, ಮಗ ಊರಲ್ಲಿಲ್ದಾಗ ಅವನ್ಗೂ ಏಳ್ದಂಗೆ ಕಳಿಸ್ದೆ."

ಶಕೀಲಾಳ ಕೈಯಲ್ಲಿದ್ದ ಚೀಲ ನೆಲಕ್ಕೆ ತಾಗಿ ಸರಪಳಿಗಳು ಸದ್ದು ಮಾಡಿದವು.

ಮದ್ದೂರಿನ ಪೇಟೆ ಬೀದಿಯಲ್ಲಿ ಪಾಲಿಶ್ ನಜೀರ್ ಅಹ್ಮದ್ ಎಂದರೆ ಎಲ್ಲರಿಗೂ ಗೊತ್ತು. ಅವರಿಗೆ ಕಣ್ಣು ಮಂಜಾದ ಮೇಲೆ ಅಂಗಡಿ ನಡೆಸುತ್ತಿರುವವಳು ಮಗಳು ಶಕೀಲಾ. ಮಂಚ, ಬಾಗಿಲುಗಳ ಸಾಮಾನ್ಯ ಪಾಲಿಶ್ ಕೆಲಸದ ನಡುವೆ ಅವಳಿಗೊಂದು ಹುಚ್ಚಿತ್ತು. ಹಳೆಯ ಮರದ ಸಾಮಾನಿನ ಹೊಳಪು ಯಾವುದರಿಂದ ಬಂದಿತ್ತು ಎಂದು ಪತ್ತೆ ಮಾಡಿ, ಅದೇ ಪದಾರ್ಥಗಳಿಂದ ಮತ್ತೆ ತರುವುದು. ಹುಣಸೆ ಬೀಜದ ಗಂಜಿ, ರಾಳ, ಅಗಸೆ ಎಣ್ಣೆ, ಜೇನುಮೇಣ, ಅರಗು. ಹಳೇ ಕಾಲದ ಮನೆಸಾಮಾನಿನ ಸಂಗ್ರಹಾಲಯವೊಂದನ್ನು ತನ್ನ ಮನೆಯಲ್ಲೇ ತೆರೆಯಲು ಹೊರಟಿದ್ದ ಶಶಿಧರ್ ತನ್ನ ಮುತ್ತಜ್ಜನ ಕಾಲದ ತೊಟ್ಟಿಲನ್ನು ಅವಳ ಬಳಿಗೆ ತಂದಿದ್ದ. ಹಾಲೆ ಮರದ ಕಡೆದ ಕಂಬಿಗಳು. ಅವುಗಳ ಮೇಲೆ ಅರಗಿನ ಕೆಂಪು ಪಟ್ಟೆ, ಹಳದಿ ಪಟ್ಟೆ. ಮಗು ಆಡಲೆಂದು ತೂಗುಬಿಟ್ಟಿದ್ದ ಒಂದು ಗಿಲಕಿ, ಅದು ಪೂರ್ತಿ ಹಳದಿ. ಎಲ್ಲವೂ ಮಾಸಿ ಚಕ್ಕೆ ಏಳುತ್ತಿದ್ದವು.

ಹಳದಿ ಯಾವುದೆಂದು ತಿಳಿಯಲು ಶಕೀಲಾ ಸಾಸಿವೆ ಕಾಳಿನಷ್ಟು ಚಕ್ಕೆಯನ್ನು ಚಾಕುವಿನ ತುದಿಯಲ್ಲಿಟ್ಟು ದೀಪಕ್ಕೆ ಹಿಡಿದಿದ್ದಳು. ಆಚೆ ಮೂಲೆಯಲ್ಲಿ ಕೂತಿದ್ದ ನಜೀರ್ ಅಹ್ಮದ್ ಮೂಗರಳಿಸಿ ತಕ್ಷಣ ಹೇಳಿದರು: "ಬೆಳ್ಳುಳ್ಳಿ ಘಮಲು. ಆರಿಸು. ಕಿಟಕಿ ತೆಗಿ. ಅರದಾಳ ಅದು."

ಅರದಾಳ ಗಣಿಯಿಂದ ಬರುವ ಹಳದಿ ಕಲ್ಲು, ಪಾಷಾಣದ ಜಾತಿಯ ವಿಷ. ಹಿಂದೆ ಅರಗಿನ ಕೆಲಸದವರು ಅದನ್ನು ಅರೆದು ಅರಗಿಗೆ ಬೆರೆಸುತ್ತಿದ್ದರು. ಬೆರೆಸಿ ಹಚ್ಚಿದ ಮೇಲೆ ಅದರ ಮೇಲೆ ಬಣ್ಣವಿಲ್ಲದ ಬರೀ ಅರಗನ್ನು ಮತ್ತೆ ಮತ್ತೆ ಎಳೆದು, ತಾಳೆಗರಿಯಿಂದ ತಿಕ್ಕಿ, ಹಳದಿ ಹೊರಗೆ ಬಾರದಂತೆ ಮುಚ್ಚುತ್ತಿದ್ದರು. ಹಾಗೆ ಮುಚ್ಚಿದಾಗ ಬಣ್ಣ ಜೇನಿನ ಕಡೆಗೆ ತಿರುಗುತ್ತದೆ. ಶಶಿಧರ್‌ಗೆ ಜೇನು ಬೇಡವಾಗಿತ್ತು. ಚಕ್ಕೆ ಎದ್ದಲ್ಲಿ ಕಾಣುವ ಹಸಿ ಹಳದಿಯೇ ಬೇಕೆಂದ. ಗಾಜಿನೊಳಗೆ ಇಡುತ್ತೇನೆ, ಯಾರೂ ಮುಟ್ಟುವುದಿಲ್ಲ ಎಂದ. ಶಕೀಲಾಗೂ ಆ ಹಳದಿಯ ಆಸೆ ಹತ್ತಿತ್ತು. ಮೈಸೂರಿನಲ್ಲಿ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಿಂದ ಅರದಾಳ ತಂದು ಮೂಗು ಬಾಯಿಗೆ ಬಟ್ಟೆ ಕಟ್ಟಿ ತಾನೇ ಅರೆದಳು, ತಾನೇ ಹಚ್ಚಿದಳು. ಮೇಲಿನ ಅರಗು ಎಳೆಯಲಿಲ್ಲ. ಚೀಟಿಯಲ್ಲಿ 'ವಿಷ' ಎಂದು ಬರೆಯಹೊರಟಾಗ, ನೋಡಲು ಬಂದ ಜನ ಹೆದರುತ್ತಾರೆ ಎಂದು ಶಶಿಧರ್ ತಡೆದ. ಅವಳು ಆ ಪದವನ್ನು ಬಿಟ್ಟಳು.

"ಅವ್ವಾ, ಆ ಹಳದಿ ಪಾಷಾಣ. ಮಗು ಬಾಯಿಗೆ ಹಾಕ್ಕೊಂಡ್ರೆ ಉಳಿಯಲ್ಲ. ಸೋಮಮ್ಮನೋರಿಗೆ ಫೋನ್ ಮಾಡಿ."

ದೇವಿರಮ್ಮನ ಮಡಿಲಿನಿಂದ ಅವರೆಕಾಯಿ ಚೆಲ್ಲಿದವು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮೊಬೈಲು ತೆಗೆದು ತಂಗಿಗೆ ಫೋನು ಮಾಡಿದಳು. ಶಕೀಲಾ ಅದನ್ನು ಇಸಿದುಕೊಂಡು ಇಬ್ಬರಿಗೂ ಕೇಳುವಂತೆ ಮಾಡಿದಳು.

"ಸೋಮಮ್ಮ, ಮಗು ಎಲ್ಲಿ?"

"ಮುತ್ತತ್ತಿಗೆ ಓದ್ರು ಕಣಕ್ಕಾ. ನಮ್ಮನೆಯವರು, ಗಗನ, ಮಗ, ಒಮ್ನೀಲಿ. ಭಾನುವಾರದಿಂದ ಮಗ ಕಕ್ತಾನೆ, ಹೊಟ್ಟೆ ಬ್ಯಾರೆ ಕಿತ್ಕೊಂಡದೆ. ಹಲ್ ಬತ್ತಾವಲ್ಲ, ಅದ್ಕೇ ಅಂದ್ಕಂಡೊ. ನೆನ್ನೆ ರಾತ್ರಿ ಬೆಚ್ಚಿಬಿದ್ದು ಒಂದೇ ಸಮನೆ ಅತ್ತ. ಮುತ್ತತ್ತಿರಾಯನ ತಾವ ದಾರ ಕಟ್ಟಿಸ್ಕೊಂಡ್ ಬರೋಣ ಅಂತ ಒಂಬತ್ತಕ್ಕೇ ಒಂಟ್ರು."

"ಸೋಮಮ್ಮನೋರೇ, ನಾನು ಶಕೀಲಾ, ತೊಟ್ಲು ಪಾಲಿಶ್ ಮಾಡ್ದೋಳು. ಒಂದ್ಸಲ ತೊಟ್ಲ ಹತ್ರ ಹೋಗಿ. ಹಳದಿ ಪಟ್ಟೆ ಹೆಂಗದೆ ನೋಡಿ ಹೇಳಿ."

ಕಾಲ ಸಪ್ಪಳ ಕೇಳಿತು. ಬಾಗಿಲು ತೆರೆದ ಸದ್ದು.

"ಮ್ಯಾಗಡೆ ಪಟ್ಟಿ ಒಂದ್ ಕಡೆ ಬೊಳ್ಳಗಾಗದೆ ಕಣಮ್ಮ. ಕಚ್ಚವ್ನೆ, ಹಲ್ಲಿನ ಗುರ್ತದೆ. ಯಾಕ್ರವ್ವಾ, ಬಣ್ಣ ಓಯ್ತು ಅಂತ ಬೈತೀರಾ?"

"ಗಿಲಕಿ? ಹಳದಿ ಗಿಲಕಿ ಎಲ್ಲಿ?"

"ಅದಾ? ಅದ ಮಗ ಬಾಯಿಂದ ತಗಿಯಾಕೇ ಬುಡಾಕಿಲ್ಲ. ಕಿತ್ಕೊಂಡ್ರೆ ಕೂಗ್ತಾನೆ. ಬಿಚ್ಚಿ ಕೈಗೆ ಕೊಟ್ಟಿದ್ದೊ. ತಗೊಂಡೇ ಓಗವ್ನೆ."

ಆಮೇಲೆ ಗಗನಳ ನಂಬರಿಗೆ ಮಾಡಿದರು. ಮೊದಲ ಸಲ ರಿಂಗಾಗಿ ನಿಂತಿತು. ಎರಡನೇ ಸಲ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಧ್ವನಿ ಬಂತು. ಅವಳ ತಂದೆ ಪುಟ್ಟಸ್ವಾಮಿಯದೂ ಅದೇ. ಹಲಗೂರು ದಾಟಿ ಕಾಡಿಗೆ ಇಳಿದರೆ ಮುತ್ತತ್ತಿಯವರೆಗೂ ಫೋನು ಸಿಗುವುದಿಲ್ಲ ಎನ್ನುವುದು ಇಲ್ಲಿನ ಎಲ್ಲರಿಗೂ ಗೊತ್ತಿರುವ ಸಂಗತಿ.

ಶಕೀಲಾ ಸ್ಕೂಟರಿನ ಕಡೆ ಓಡಿದಳು. ಕಿಕ್ ಒದ್ದು ಚಾಲೂ ಮಾಡುವಷ್ಟರಲ್ಲಿ ದೇವಿರಮ್ಮ ಹಿಂದೆ ಏರಿ ಕೂತಾಗಿತ್ತು.

"ನೀವ್ ಬ್ಯಾಡಿ ಅವ್ವಾ, ರಸ್ತೆ ಕೆಟ್ಟದೆ."

"ನನ್ ತಂಗಿ ಗಂಡ ಪುಟ್ಟಸ್ವಾಮಿ ಎಂತೋನು ಅಂತ ನಿಂಗೊತ್ತಿಲ್ಲ. ನೀನೊಬ್ಳೇ ಓಗಿ ಪಾಸಾಣ ಅಂದ್ರೆ ನಿನ್ನ ಅಲ್ಲೇ ಒಳೀಗೆ ನೂಕ್ತಾನೆ. ನಡಿ."

ಮಳವಳ್ಳಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲಿತ್ತು. ಟ್ರಾಕ್ಟರಿನ ಹಿಂದೆ ಎರಡೆರಡು ಟ್ರೈಲರು, ಅವುಗಳಿಂದ ಹೊರಕ್ಕೆ ಚಾಚಿದ ಕಬ್ಬು. ಶಕೀಲಾ ಮಣ್ಣಿಗಿಳಿದು ಹತ್ತಿ, ಸಂದು ಸಿಕ್ಕಿದಲ್ಲಿ ನುಗ್ಗಿದಳು. ಹಿಂದಿನಿಂದ ದೇವಿರಮ್ಮ ಬೈಯುತ್ತಲೇ ಇದ್ದಳು, ಕೆಲವು ಬೈಗುಳ ಟ್ರಾಕ್ಟರಿನವರಿಗೆ, ಕೆಲವು ಮಗನಿಗೆ, ಮಿಕ್ಕವು ತನಗೆ.

"ಕಕ್ಕೋದು ಅದ್ರಿಂದ್ಲೇನಮ್ಮಿ? ಹಲ್ ಬರೋ ಮಕ್ಳಿಗೂ ಆಯ್ತದಲ್ಲ?"

"ಹಲ್ಲಿಂದಲೂ ಇರಬೌದು. ಗೊತ್ತಿಲ್ಲ ಅವ್ವಾ."

ಅವಳು ಸುಳ್ಳು ಹೇಳಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಶುದ್ಧ ಅರದಾಳ ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಅಂಗಡಿಯಲ್ಲಿ ಸಿಗುವುದರಲ್ಲಿ ಬೇಗ ಕರಗುವ ಬಿಳಿ ಪಾಷಾಣವೂ ಸೇರಿರುತ್ತದೆ. ಎಷ್ಟು ಸೇರಿತ್ತು ಎಂದು ಅವಳು ಪರೀಕ್ಷೆ ಮಾಡಿಸಿರಲಿಲ್ಲ. ಗಾಜಿನೊಳಗಿನ ತೊಟ್ಟಿಲಿಗೆ ಅದರ ಅಗತ್ಯವಿಲ್ಲ ಅಂದುಕೊಂಡಿದ್ದಳು.

ಮಳವಳ್ಳಿ ಬಸ್ ನಿಲ್ದಾಣದ ಬಳಿ ಶಶಿಧರ್‌ನ ಫೋನು ಬಂತು. ಸೋಮಮ್ಮ ಅವನಿಗೂ ತಿಳಿಸಿದ್ದಳು.

"ಶಕೀಲಾ, ಗಾಬರಿ ಬೇಡ. ಗಿಲಕಿ ಈಸ್ಕೊಂಡುಬಿಡಿ. ಬಣ್ಣ ಒಂಚೂರು ಸರಿ ಮಾಡಬೇಕು, ಆಮೇಲೆ ಕೊಡ್ತೀನಿ ಅಂತ ಹೇಳಿ. ತೊಟ್ಲು ನಾನೇ ಹೋಗಿ ತರ್ತೀನಿ. ವಿಷ ಗಿಷ ಅನ್ನೋ ಮಾತು ಎತ್ತಬೇಡಿ. ಭಾನುವಾರ ಉದ್ಘಾಟನೆ ಇದೆ."

"ಮಗು ಕಕ್ತಾ ಇದೆ ಸಾರ್."

"ಎಲ್ಲಾ ಮಕ್ಳೂ ಕಕ್ತವೆ. ಡಾಕ್ಟ್ರಿಗೆ ನಾನೇ ತೋರಿಸ್ತೀನಿ. ನೀವು ಈ ಮಾತು ಆಡಿದ್ರೆ ನಿಮಗೇ ಕೇಸು, ನನಗಲ್ಲ. ಹಚ್ಚಿದ್ದು ನಿಮ್ಮ ಕೈ. ಯೋಚನೆ ಮಾಡಿ."

ದೇವಿರಮ್ಮ ಹಿಂದಿನಿಂದ ಕೈ ಚಾಚಿ ಮೊಬೈಲು ಕಿತ್ತುಕೊಂಡಳು. "ಲೋ, ಮೊದ್ಲು ಮಗೀನ ಕತೆ ನೋಡ್ಲಾ," ಎಂದು ಫೋನು ಕತ್ತರಿಸಿದಳು.

ಆದರೆ ಶಶಿಧರ್ ಹೇಳಿದ್ದು ಶಕೀಲಾಳ ಕಿವಿಯಲ್ಲಿ ಉಳಿಯಿತು. ಅವನ ಮಾತು ಸುಳ್ಳಾಗಿರಲಿಲ್ಲ. ಹಚ್ಚಿದ ಕೈ ತನ್ನದು. ಕೇಸಾದರೆ ಅಂಗಡಿಗೆ ಬೀಗ. ಕಣ್ಣು ಕಾಣದ ಅಬ್ಬ ಆ ಮುಚ್ಚಿದ ಬಾಗಿಲ ಹಿಂದೆ ಏನು ಮಾಡುತ್ತಾರೆ? ಪೇಟೆ ಬೀದಿಯಲ್ಲಿ ಜನ ಒಕ್ಕಲಿಗರ ಮಗುವಿಗೆ ಸಾಬರ ಹೆಂಗಸು ವಿಷ ಕೊಟ್ಟಳಂತೆ ಎನ್ನುತ್ತಾರೆ. ಅರದಾಳ, ಗಾಜು, ಚೀಟಿ ಇದ್ಯಾವುದೂ ಆ ಮಾತಿನೊಳಗೆ ಬರುವುದಿಲ್ಲ. ಗಿಲಕಿ ಇಸಿದುಕೊಂಡು ಸುಮ್ಮನೆ ಹೋಗಿಬಿಟ್ಟರೆ ಮಗುವಿಗೆ ಹಲ್ಲು ಬರುತ್ತಿದೆ, ಅಷ್ಟೇ.

ಹಲಗೂರು ದಾಟಿದ ಮೇಲೆ ರಸ್ತೆ ಇಳಿಜಾರು, ತಿರುವು, ಜೊತೆಗೆ ಕೋತಿಗಳು. ಅರಣ್ಯ ಇಲಾಖೆಯ ಗೇಟಿನಲ್ಲಿ ಕಾವಲಿನವನು ನಿಧಾನವಾಗಿ ಗಾಡಿ ನಂಬರು ಬರೆದುಕೊಳ್ಳತೊಡಗಿದ. "ಒಳೀಗೆ ಇಳೀಬ್ಯಾಡಿ, ಬಾಟ್ಲಿ ತರಬ್ಯಾಡಿ," ಎಂದು ಶುರುಮಾಡಿದಾಗ ದೇವಿರಮ್ಮ, "ನಮ್ಮುನ್ ನೋಡುದ್ರೆ ಕುಡ್ಯಕ್ ಬಂದೋರಂಗೆ ಕಾಣ್ತೀವಾ? ತಗ್ಯಯ್ಯಾ ಕಂಬ," ಎಂದಳು. ಅವನು ತೆಗೆದ.

ಹನ್ನೆರಡು ದಾಟಿತ್ತು. ಮುತ್ತತ್ತಿಯ ಮರಗಳ ಕೆಳಗೆ ಅಡುಗೆಯ ಹೊಗೆ ಎದ್ದಿತ್ತು, ಎಲ್ಲೋ ಸ್ಪೀಕರಿನಲ್ಲಿ ಹಾಡು. ಗುಡಿಯ ಮುಂದೆ ನಿಲ್ಲಿಸಿದ್ದ ಬಿಳಿ ಒಮ್ನಿಯ ಬಾಗಿಲು ತೆರೆದಿತ್ತು. ಗಗನ ಅದರ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಮಗು, ಕೊರಳಲ್ಲಿ ಆಗಲೇ ಕಟ್ಟಿದ ಕಪ್ಪು ದಾರ. ಮಗುವಿನ ಬಾಯಿಯಲ್ಲಿ ಗಿಲಕಿ. ತುಟಿಯ ಅಂಚಿನಿಂದ ಗಲ್ಲದವರೆಗೆ ಇಳಿದ ಜೊಲ್ಲು ತೆಳು ಹಳದಿಯಾಗಿತ್ತು.

ಶಕೀಲಾ ಸ್ಕೂಟರನ್ನು ನಿಲ್ಲಿಸಲಿಲ್ಲ, ಬೀಳಿಸಿದಳು. ಓಡಿ ಹೋಗಿ ಒಂದು ಮಾತೂ ಆಡದೆ ಗಿಲಕಿಯನ್ನು ಮಗುವಿನ ಬಾಯಿಂದ ಎಳೆದಳು. ಗಗನ "ಯಾರ್ರೀ ನೀವು!" ಎಂದು ಕಿರುಚಿದಳು. ಮಗು ಅಳಲಿಲ್ಲ. ಕೈ ಅರ್ಧಕ್ಕೆ ಎತ್ತಿ ಹಾಗೇ ಬಿಟ್ಟಿತು. ಕಿತ್ತುಕೊಂಡರೆ ಕೂಗುತ್ತಾನೆ ಎಂದು ಸೋಮಮ್ಮ ಹೇಳಿದ್ದ ಮಗು ಅದು.

ಗುಡಿಯ ಕಡೆಯಿಂದ ಪುಟ್ಟಸ್ವಾಮಿ ತೆಂಗಿನಕಾಯಿ ಹೋಳು ಹಿಡಿದು ಬಂದ. ಎತ್ತರದ ಆಳು. "ಏನಮ್ಮ ಇದು? ಅತ್ಗೆ, ನೀವ್ಯಾಕ್ ಬಂದ್ರಿ? ಯಾರಿವ್ಳು?"

ಗಿಲಕಿ ಶಕೀಲಾಳ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಈಗ ಒಂದು ಮಾತು ಸಾಕಿತ್ತು, ಬಣ್ಣ ಸರಿ ಮಾಡಬೇಕು ಅನ್ನುವ ಮಾತು. ಅವಳು ಮಗುವಿನ ಕಣ್ಣು ನೋಡಿದಳು. ಗುಳಿ ಬಿದ್ದಿದ್ದವು.

"ನಾನು ಮದ್ದೂರಿನ ಶಕೀಲಾ. ತೊಟ್ಲಿಗೂ ಇದಕ್ಕೂ ಬಣ್ಣ ಹಚ್ಚಿದೋಳು ನಾನು. ಈ ಹಳದಿ ಅರದಾಳ, ಪಾಷಾಣ. ಗಾಜಲ್ಲಿ ಇಡೋಕೆ ಅಂತ ಮಾಡಿದ್ದು. ಮಗು ನಾಕು ದಿನದಿಂದ ಇದನ್ನ ತಿಂತಾ ಅದೆ. ಈಗಲೇ ಆಸ್ಪತ್ರೆಗೆ ಹೋಗಬೇಕು. ಒಮ್ನಿ ಚಾಲೂ ಮಾಡಿ."

 ಪುಟ್ಟಸ್ವಾಮಿಯ ಕೈಯಲ್ಲಿದ್ದ ಹೋಳು ನೆಲಕ್ಕೆ ಬಿತ್ತು. ಅವನು ಅವಳ ತೋಳು ಹಿಡಿದ.

"ಇಸಾನಾ? ಮಗೀಗೆ ಇಸಾ ಬಳ್ದು ಕಳಿಸಿದ್ಯಾ? ಅದ್ಯಾರ್ ಏಳಿದ್ರು ನಿಂಗೆ?"

ಅಡುಗೆ ಒಲೆಗಳ ಕಡೆಯಿಂದ ನಾಲ್ಕೈದು ಜನ ಎದ್ದು ಬಂದರು. "ಏನಂತೆ?" "ಮಗೀಗೆ ಏನೋ ಆಕಿ ತಿನ್ನಿಸವ್ಳಂತೆ." "ಯಾರು?" "ಇವ್ಳೇ ಕಣ್ಲಾ." ಒಬ್ಬ ಮೊಬೈಲು ಎತ್ತಿ ವಿಡಿಯೋ ಹಿಡಿಯತೊಡಗಿದ. ಶಕೀಲಾ ತೋಳು ಬಿಡಿಸಿಕೊಳ್ಳಲು ಹೋಗಲಿಲ್ಲ.

"ಹೊಡಿಯೋದಾದ್ರೆ ಆಮೇಲೆ ಹೊಡೀರಿ," ಎಂದಳು. "ನಾನೂ ಗಾಡೀಲಿ ಬರ್ತೀನಿ. ಏನು, ಎಷ್ಟು ಅಂತ ಡಾಕ್ಟ್ರು ಕೇಳ್ತಾರೆ. ಅದು ನನಗೊಬ್ಬಳಿಗೇ ಗೊತ್ತಿರೋದು."

ದೇವಿರಮ್ಮ ನಡುವೆ ನುಗ್ಗಿದಳು. ಸ್ಕೂಟರಿನ ಜೊತೆ ಬಿದ್ದು ಅವಳ ಮೊಣಕಾಲು ತರಚಿತ್ತು, ಸೀರೆಗೆ ರಕ್ತ ಹತ್ತಿತ್ತು.

"ಬುಡು ಅವಳ ಕೈಯ! ಮಗು ಮಲಗಿಸ್ಬ್ಯಾಡಿ ಅಂತ ಅವಳು ಬರ್ದು ಅಂಟಿಸಿದ್ಲು. ಕಿತ್ತಾಕ್ದೋಳು ನಾನು. ಕಳಿಸ್ದೋಳು ನಾನು. ನಿನ್ ಮೊಮ್ಮಗೀಗೆ ಇಸಾ ಕೊಟ್ಟೋಳು ನಾನು ಕಣೋ. ಈಗ ಗಾಡಿ ಅತ್ತು, ಇಲ್ಲಾಂದ್ರೆ ನಾನೇ ಓಡಿಸ್ಕೊಂಡ್ ಓಯ್ತೀನಿ."

ಪುಟ್ಟಸ್ವಾಮಿ ಕೈ ಬಿಟ್ಟ. ವಿಡಿಯೋ ಹಿಡಿಯುತ್ತಿದ್ದವನು ಮೊದಲು ಹಿಂದಕ್ಕೆ ಸರಿದ, ಆಮೇಲೆ ತಾನೇ ಮುಂದೆ ಬಂದು ಅಡ್ಡ ನಿಲ್ಲಿಸಿದ್ದ ತನ್ನ ಕಾರನ್ನು ತೆಗೆದ.

ಒಮ್ನಿ ಕಾಡಿನ ಏರು ಹತ್ತುವಾಗ ಗಗನ ಮಗುವನ್ನು ಎದೆಗೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿದ್ದಳು. ಶಕೀಲಾ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ಮಗುವಿನ ಬಾಯಿ, ಒಸಡು, ಬೆರಳ ಸಂದುಗಳನ್ನು ಒರೆಸುತ್ತಾ ಹೋದಳು. ಪ್ರತಿ ಸಲವೂ ಬಟ್ಟೆಗೆ ಹಳದಿ ಹತ್ತುತ್ತಿತ್ತು.

"ಹಾಲು ಕುಡಿಸ್ಲಾ?" ಗಗನ ಕೇಳಿದಳು. ಅವಳು ಶಕೀಲಾಳ ಜೊತೆ ಆಡಿದ ಎರಡನೇ ಮಾತು ಅದು.

"ಗೊತ್ತಿಲ್ಲಮ್ಮ. ಡಾಕ್ಟ್ರ ಕೇಳೋವರೆಗೆ ಏನೂ ಬೇಡ."

ಗಗನ ಅವಳ ಮುಖವನ್ನು ನೋಡಿದಳು. "ನಿಮಗ್ ಮಕ್ಳವ್ರಾ?"

"ಒಬ್ಳು ಅವ್ಳೆ. ತೂಬಾ. ಎಂಟನೇ ಕ್ಲಾಸು."

"ಅವಳಿಗೆ ಕೊಡ್ತಿದ್ರಾ ಇಂತಾ ಗಿಲಕೀನ?"

ಶಕೀಲಾ ಬಟ್ಟೆಯನ್ನು ಮಡಿಸಿ ಸ್ವಚ್ಛವಾಗಿದ್ದ ಬದಿಯಿಂದ ಮತ್ತೆ ಒರೆಸಿದಳು.

ಮಗು ಒಂದು ಸಲ ಕಕ್ಕಿತು. ಶಕೀಲಾ ಆ ಬಟ್ಟೆಯನ್ನು ಎಸೆಯದೆ ಗಿಲಕಿಯ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಳು. ಹಲಗೂರಿಗೆ ಬಂದು ಫೋನಿಗೆ ಸಿಗ್ನಲ್ ಸಿಕ್ಕೊಡನೆ ನೂರಾ ಎಂಟಕ್ಕೆ ಕರೆ ಮಾಡಿ ಮಳವಳ್ಳಿಯಲ್ಲಿ ಆಂಬುಲೆನ್ಸ್ ಸಿದ್ಧವಿರಲಿ ಎಂದಳು. ಆಮೇಲೆ ಅಬ್ಬನಿಗೆ ಮಾಡಿ, ಉಳಿದ ಅರದಾಳದ ಡಬ್ಬಿಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ ಎಂದು ಹೇಳಿದಳು. ಶಶಿಧರ್‌ನ ಕರೆ ಮತ್ತೆ ಮತ್ತೆ ಬಂತು. ಅವಳು ಎತ್ತಲಿಲ್ಲ.

ಮಳವಳ್ಳಿಯಲ್ಲಿ ಗ್ಲೂಕೋಸ್ ಏರಿಸಿ ಮಂಡ್ಯಕ್ಕೆ ಕಳಿಸಿದರು. ಮಂಡ್ಯದ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ ಚೀಲದಲ್ಲಿದ್ದ ಗಿಲಕಿಯನ್ನು ಕೈಗವಸು ಹಾಕಿ ಎತ್ತಿ ನೋಡಿದಳು. ಎಷ್ಟು ಅರದಾಳಕ್ಕೆ ಎಷ್ಟು ಅರಗು, ಮೇಲೆ ಏನು ಹಚ್ಚಿದ್ದು, ಎಲ್ಲಿಂದ ತಂದಿದ್ದು ಎಂದು ಕೇಳಿದಳು. ಶಕೀಲಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಬಿಳಿ ಪಾಷಾಣ ಎಷ್ಟು ಬೆರೆತಿತ್ತು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಎಕ್ಸ್‌ರೇ ಬಂತು. ಮಗುವಿನ ಹೊಟ್ಟೆಯಲ್ಲಿ, ಕರುಳಿನ ಸುತ್ತುಗಳ ಉದ್ದಕ್ಕೂ, ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದವು. ವೈದ್ಯೆ ಅದನ್ನು ಬೆಳಕಿಗೆ ಹಿಡಿದು ಪುಟ್ಟಸ್ವಾಮಿಗೆ ತೋರಿಸಿದಳು. "ಇದೇ ಅದು. ಹಲ್ಲಿನ ಭೇದಿ ಅಂತ ಬಂದಿದ್ರೆ ನಾವು ಬರೀ ಭೇದಿಗೆ ಔಷಧಿ ಕೊಟ್ಟು ಕಳಿಸ್ತಿದ್ವಿ. ಎಕ್ಸ್‌ರೇ ತೆಗೀತಾನೇ ಇರಲಿಲ್ಲ."

ಪುಟ್ಟಸ್ವಾಮಿ ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತ.

ಮಗುವಿನ ಮೂಗಿನಿಂದ ಕೊಳವೆ ಇಳಿಸಿ ಕರುಳು ತೊಳೆಯಲು ಶುರುಮಾಡಿದರು. ಗಗನ ಒಳಗಿದ್ದಳು. ಹೊರಗೆ ಬೆಂಚಿನ ಒಂದು ತುದಿಯಲ್ಲಿ ದೇವಿರಮ್ಮ, ಇನ್ನೊಂದು ತುದಿಯಲ್ಲಿ ಶಕೀಲಾ. ಐದು ಗಂಟೆ ಹೊತ್ತಿಗೆ ಶಶಿಧರ್ ಬಂದ. ತಾಯಿಯನ್ನು ದಾಟಿ ನೇರ ಶಕೀಲಾಳ ಹತ್ತಿರ ನಿಂತು ತಗ್ಗಿದ ಧ್ವನಿಯಲ್ಲಿ ಹೇಳಿದ:

"ವಿಷದ ಕೇಸು ಅಂತ ಆಸ್ಪತ್ರೆಯವರು ಪೊಲೀಸ್ರಿಗೆ ತಿಳಿಸವ್ರೆ. ಈಗ ಬರ್ತಾರೆ. ಅಂಗಡೀಲಿ ಹಳದಿ ಬಣ್ಣ ಅಂತ ಕೊಟ್ಟಿದ್ರು, ಅದರಲ್ಲಿ ಏನಿತ್ತು ನಂಗೊತ್ತಿಲ್ಲ ಅಂತ ಹೇಳಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು. ನಿಮ್ಮಪ್ಪನ ಮುಖ ನೋಡಿ."

"ಡಾಕ್ಟ್ರಿಗೆ ಆಗಲೇ ಹೇಳಿದ್ದೀನಿ ಸಾರ್."

"ಡಾಕ್ಟ್ರಿಗೆ ಹೇಳೋದೇ ಬೇರೆ, ಪೊಲೀಸ್ರಿಗೆ ಹೇಳೋದೇ ಬೇರೆ."

"ಆ ಮಗೀಗೆ ಮಾತ್ರ ಎಲ್ಡೂ ಒಂದೇ," ಎಂದಳು ದೇವಿರಮ್ಮ ಆಚೆ ತುದಿಯಿಂದ. "ಬಾ ಇಲ್ಲಿ, ನನ್ ಪಕ್ಕ ಕೂತ್ಕೊ. ಫೋನ್ನಾಗೆ ನೀನೇನಂದಿದ್ದೆ ಅಂತ ಪೊಲೀಸ್ರಿಗೆ ನೀನೂ ಏಳುವಂತೆ."

ಶಶಿಧರ್ ಕೂರಲಿಲ್ಲ, ಹೋಗಲೂ ಇಲ್ಲ.

ಆರು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಬಂದು ಕುರ್ಚಿ ಎಳೆದುಕೊಂಡರು. ಹೆಸರು, ವಿಳಾಸ, ವಯಸ್ಸು ಕೇಳಿದರು. ಆಮೇಲೆ, ಬಣ್ಣದಲ್ಲಿ ವಿಷ ಇದೆ ಎಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಶಕೀಲಾ ಗೊತ್ತಿತ್ತು ಎಂದಳು. ಮೇಲೆ ಅರಗು ಎಳೆದು ಮುಚ್ಚಬೇಕಿತ್ತು, ನಾನು ಮುಚ್ಚಲಿಲ್ಲ ಎಂದಳು. ಚೀಟಿಯಲ್ಲಿ ವಿಷ ಎಂದು ಬರೆಯಬೇಕಿತ್ತು, ನಾನು ಬರೆಯಲಿಲ್ಲ ಎಂದಳು. ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿ, "ಯೋಚನೆ ಮಾಡಿ ಹೇಳ್ತಿದ್ದೀರಾ ತಾನೇ?" ಎಂದರು. ಅವಳು ಹೌದೆಂದು ತಲೆಯಾಡಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ಶುಕ್ರವಾರ ಬೆಳಗಿನ ಎಕ್ಸ್‌ರೇಯಲ್ಲಿ ಮಗುವಿನ ಹೊಟ್ಟೆಯಲ್ಲಿ ಚುಕ್ಕೆಗಳಿರಲಿಲ್ಲ. ಅದೇ ಮಧ್ಯಾಹ್ನ ಪೊಲೀಸರು ಮದ್ದೂರಿನ ಅಂಗಡಿಗೆ ಬಂದು ಅರದಾಳದ ಡಬ್ಬಿಗೆ ಮೊಹರು ಮಾಡಿ, ಶಕೀಲಾಳನ್ನು ಠಾಣೆಗೆ ಕರೆದುಕೊಂಡು ಹೋದರು.